ಗುಜರಿ ಅಂಗಡಿಯ ತುಕ್ಕು ಹಿಡಿದ ಉಳಿ, ಹತ್ರಿನ ಮನೇಲೇ ಮತ್ತೆ ಕೆಲಸಕ್ಕೆ ತರೋದು ಹೇಗೆ

"ತಾತನ ಕಾಲದ ಉಳಿ ಅಟ್ಟದ ಮೇಲೆ ಸಿಕ್ತು, ಪೂರ್ತಿ ತುಕ್ಕು ಹಿಡಿದಿದೆ, ಏನ್ ಮಾಡ್ಲಿ?" ಈ ಪ್ರಶ್ನೆ ಎಷ್ಟು ಜನ ಕೇಳಿದಾರೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳ್ತೀನಿ, ಅವ್ರು ಹೋಗಿ ಗ್ರೈಂಡರಿಗೆ ಹಿಡಿದು ಫಳಫಳ ಹೊಳೆಯೋ ಹಾಗೆ ಮಾಡ್ಕೊಂಡು ಫೋಟೋ ಕಳಿಸ್ತಾರೆ, ಆಮೇಲೆ ಒಂದು ವಾರ ಬಿಟ್ಟು "ಮರಾನೇ ಕೊಯ್ತಿಲ್ಲ ಸಾರ್" ಅಂತಾರೆ. ಅದಕ್ಕೇ ಈ ಸಲ ಕೂತು ಪೂರ್ತಿ ಬರೀತಿದೀನಿ.

ನಾನು ಕಸುಬಿನ ಬಡಗಿ ಅಲ್ಲ, ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಬಾಲ್ಕನಿಯಲ್ಲಿ ಮರದ ಕೆಲಸ ಅಷ್ಟೆ. ಹಾಗಾಗಿ ಇಲ್ಲಿ ಹೇಳೋದೆಲ್ಲ ಮನೇಲಿ ಒಂದು ಟೇಬಲ್ಲು, ಒಂದು ಬಕೆಟ್ಟು, ಸ್ವಲ್ಪ ತಾಳ್ಮೆ ಇರೋರಿಗೆ. ಶುರು ಮಾಡೋ ಮುಂಚೆ ಒಂದು ಮಾತು ತಲೇಲಿ ಇಟ್ಕೊಳಿ, ಹಳೇ ಸಾಮಾನು ಹೊಳೀಬೇಕಾಗಿಲ್ಲ, ಕೊಯ್ದ್ರೆ ಸಾಕು. ಉಳಿ ಆಗ್ಲಿ ಹತ್ರಿ ಅಲಗಾಗ್ಲಿ, ಎರಡು ಮುಖ ಸೇರೋ ಅಂಚಲ್ಲಿ ಮಾತ್ರ ಜೀವ ಇರೋದು. ಮಿಕ್ಕ ಕಡೆ ಕಪ್ಪಗಿದ್ರೆ ಇರ್ಲಿ ಬಿಡಿ.

ಹತ್ರಿ ಅಂದ್ರೆ ಮರ ಹೆರೆದು ನುಣ್ಣಗೆ ಮಾಡೋ ಸಾಮಾನು, ಕೆಲವು ಕಡೆ ಉಜ್ಜುಗೊರಡು ಅಂತಾರೆ, ಇನ್ನು ಕೆಲವರು ರಂಧ ಅಂತಾರೆ, ಮೂರೂ ಒಂದೇ.

ಏನೇನು ಬೇಕು

ದುಬಾರಿದು ಏನೂ ಇಲ್ಲ. ಗ್ಲಾಸ್ ಅಂಗಡೀಲಿ ಕೇಳಿದ್ರೆ 8 ಅಥವಾ 10 ಮಿ.ಮೀ. ದಪ್ಪದ ಗಾಜಿನ ತುಂಡು ಕೊಡ್ತಾರೆ, ಇಲ್ಲಾಂದ್ರೆ ಅಡುಗೆಮನೆ ಕಟ್ಟೆಗೆ ಹಾಕೋ ಪಾಲಿಶ್ ಗ್ರಾನೈಟಿನ ಮುರುಕು, ಒಂದೂವರೆ ಅಡಿ ಉದ್ದ ಇದ್ರೆ ಒಳ್ಳೇದು. ಮುಖ ಮಟ್ಟಸವಾಗಿರಬೇಕು, ಅಷ್ಟೆ. ಅದರ ಮೇಲೆ ಅಂಟಿಸೋಕೆ ವಾಟರ್ ಪೇಪರ್, ಅಂದ್ರೆ ನೀರಲ್ಲಿ ನೆನೆಸಿದ್ರೂ ಹರಿಯದ ಕಪ್ಪು ಉಪ್ಪುಕಾಗದ: 80, 120, 220, 400, 800, 1500, 2000 ನಂಬರಿನವು ಎರಡೆರಡು ಹಾಳೆ. ನಂಬರ್ ಜಾಸ್ತಿ ಆದಷ್ಟೂ ನುಣುಪು. ಅಂಗಡಿಯವ್ರಿಗೆ ಎಮರಿ ಪೇಪರ್ ಅಂದ್ರೂ ಗೊತ್ತಾಗತ್ತೆ, ಆದ್ರೆ 80, 120 ಬಟ್ಟೆ ಮೇಲಿನದ್ದು ಕೊಟ್ಬಿಡ್ತಾರೆ, ಅದು ಗಾಜಿನ ಮೇಲೆ ಸಮ ಕೂರಲ್ಲ, ಕಾಗದದ್ದೇ ಕೇಳಿ.

ಆಮೇಲೆ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಕಾಲು ಕೆಜಿ. ಅಡುಗೆ ಸೋಡಾ. ಒಂದು ಪ್ಲಾಸ್ಟಿಕ್ ಟಬ್ಬು. ಹಳೇ ಟೂತ್‌ಬ್ರಶ್ಶು. ಹೊಲಿಗೆ ಮೆಷಿನ್ ಎಣ್ಣೆ. ಕಪ್ಪು ಮಾರ್ಕರ್ ಪೆನ್ನು, ಇದನ್ನ ಮರೀಬೇಡಿ, ಮುಕ್ಕಾಲು ಕೆಲಸಕ್ಕೆ ದಾರಿ ತೋರ್ಸೋದು ಇದೇ. ಕಣ್ಣಿಗೆ ಗಾಗಲ್ಸು, ಮೂಗಿಗೆ ಮಾಸ್ಕು. ಹಳೇ ಸಾಮಾನಿನ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಬಣ್ಣ ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ, ಮಕ್ಕಳು ಓಡಾಡೋ ಮನೆ ಆದ್ರೆ ಇನ್ನೂ ಹುಷಾರು.

1. ಕೊಳ್ಳೋಕೆ ಮುಂಚೆ ನೋಡಿ

ಅಟ್ಟದಲ್ಲಿ ಸಿಕ್ಕಿದ್ದಾದ್ರೆ ಈ ಹಂತ ಬಿಟ್ಬಿಡಿ, ತಾತನ ಉಳಿ ಹೇಗಿದ್ರೂ ಉಳಿಸ್ಕೋತೀರ. ಗುಜರಿಯಲ್ಲಾಗ್ಲಿ, ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸಂಡೇ ಬಜಾರಲ್ಲಾಗ್ಲಿ ಕೊಳ್ಳೋದಾದ್ರೆ ಇಷ್ಟು ನೋಡ್ಕೊಳಿ.

ಉಳಿಗೆ ಎರಡು ಮುಖ. ಇಳಿಜಾರು ಇರೋ ಕಡೆ ಒಂದು, ಚಪ್ಪಟೆ ಇರೋ ಕಡೆ ಇನ್ನೊಂದು, ಚಪ್ಪಟೆ ಕಡೆಗೆ ನಾನು ಬೆನ್ನು ಅಂತ ಕರೀತೀನಿ. ಬೆನ್ನಿನ ತುದಿಯ ಒಂದು ಇಂಚಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ಯಾ ನೋಡಿ, ಉಗುರು ಎಳೆದ್ರೆ ಸಿಕ್ಕಿಹಾಕ್ಕೊಳ್ಳೋ ಅಷ್ಟು ಆಳ ಇದ್ರೆ ವಾಪಸ್ ಇಡಿ. ಮೇಲೆ ಎಷ್ಟು ತುಕ್ಕಿದ್ರೂ ಪರವಾಗಿಲ್ಲ, ಹಿಡಿ ಇಲ್ದಿದ್ರೂ ಪರವಾಗಿಲ್ಲ, ಅಂಚಿನ ಹತ್ರ ಬೆನ್ನಲ್ಲಿ ಗುಳಿ ಇದ್ರೆ ಮಾತ್ರ ಬೇಡ, ಯಾಕಂದ್ರೆ ಆ ಗುಳಿ ಅಂಚಿಗೆ ಬಂದಾಗೆಲ್ಲ ಅಲ್ಲೊಂದು ಹಲ್ಲು ಮುರಿದ ಹಾಗೆ, ಮರದ ಮೇಲೆ ಗೀರು ಬೀಳತ್ತೆ.

ಆಮೇಲೆ ಉದ್ದ. ಹಳೇ ಉಳಿ ಎಷ್ಟೋ ಸಲ ಪೂರ್ತಿ ಉಕ್ಕಲ್ಲ, ಮೆತ್ತನೆ ಕಬ್ಬಿಣದ ಮೈಗೆ ಬೆನ್ನಿನ ಕಡೆ ಮಾತ್ರ ಗಟ್ಟಿ ಉಕ್ಕಿನ ಪಟ್ಟಿ ಕಾಸಿ ಬೆಸೆದಿರ್ತಾರೆ. ತಿಕ್ಕಿ ತಿಕ್ಕಿ ಮೊಂಡಾಗಿ ಎರಡಿಂಚಿಗೆ ಬಂದಿದ್ರೆ ಆ ಉಕ್ಕು ಮುಗ್ದೇ ಹೋಗಿರಬಹುದು. ಒಂದು ಸಣ್ಣ ಅರ ಜೇಬಲ್ಲಿ ಇಟ್ಕೊಂಡು ಹೋಗಿ, ಅಂಚಿನ ಹತ್ರ ಮೆಲ್ಲಗೆ ಎಳೀರಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದ್ರೆ ಉಕ್ಕು ಗಟ್ಟಿ ಇದೆ, ಕರಕರ ಅಂತ ಕಚ್ಕೊಂಡ್ರೆ ಹದ ಹೋಗಿದೆ.

ಮೇಲೆ 'ಕಾಸ್ಟ್ ಸ್ಟೀಲ್' ಅಂತ ಮುದ್ರೆ ಇದ್ರೆ ಎರಕದ ಕಬ್ಬಿಣ ಅನ್ಕೊಂಡು ಬಿಟ್ಟು ಬಂದೀರ ಮತ್ತೆ! ಅದು ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು, ಇಂಗ್ಲೆಂಡಿನ ಶೆಫೀಲ್ಡಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಕಂಡ್ಕೊಂಡ ವಿಧಾನ, ಹರಿತಕ್ಕೆ ಬಲು ಒಳ್ಳೇದು. ಮೂಸೆ ಉಕ್ಕು ನಮ್ಮ ದಕ್ಷಿಣದ ಕಮ್ಮಾರರಿಗೆ ಅದಕ್ಕಿಂತ ಎಷ್ಟೋ ಶತಮಾನ ಮುಂಚೆನೇ ಗೊತ್ತಿತ್ತು, ಇಂಗ್ಲಿಷಿನ 'ವೂಟ್ಸ್' ಅನ್ನೋ ಪದ ನಮ್ಮ 'ಉಕ್ಕು' ಇಂದಾನೇ ಹುಟ್ಟಿದ್ದು ಅಂತ ಹೇಳ್ತಾರೆ, ಅದು ಬೇರೆ ಕಥೆ.

ಕಬ್ಬಿಣದ ಹತ್ರಿ ಆದ್ರೆ ಅಲಗು ಹೊರಬರೋ ಸೀಳು ಇದ್ಯಲ್ಲ, ಅದರ ಬಾಯಿ, ಅದರ ಎರಡೂ ಮೂಲೆ, ಅಕ್ಕಪಕ್ಕದ ಕೆನ್ನೆ, ಇಲ್ಲೆಲ್ಲ ಬಿರುಕು ಹುಡುಕಿ. ಎರಕದ ಕಬ್ಬಿಣ, ಕೈ ಜಾರಿ ಬಿದ್ರೆ ಒಡೆಯತ್ತೆ. ಎಲ್ಲ ಬಿಚ್ಚಿ ಬರೀ ಮೈಯನ್ನ ಎರಡು ಬೆರಳಲ್ಲಿ ತೂಗ್ಹಿಡಿದು ಕೀಲಿಕೈಯಿಂದ ತಟ್ಟಿ, ಗಂಟೆ ಥರ 'ಟಿಣ್' ಅಂದ್ರೆ ಸರಿ, ಒಡೆದ ಮಡಕೆ ಥರ 'ಥಡ್' ಅಂದ್ರೆ ಎಲ್ಲೋ ಬಿರುಕಿದೆ. ಸ್ಕ್ರೂ ಎಲ್ಲ ಇದ್ಯಾ ಎಣಿಸಿ. ಸ್ಟ್ಯಾನ್ಲಿ ಕಂಪನಿ ಹತ್ರಿಗಳ ಸ್ಕ್ರೂ ಮರೆ, ಅಂದ್ರೆ ಸ್ಕ್ರೂ ಮೈಮೇಲಿನ ಸುತ್ತು ಗೀರು, ಅದರ ಲೆಕ್ಕ ವಿಚಿತ್ರ, ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿ ಪೂರ್ತಿ ಸುತ್ತಿದ್ರೂ ಕೂರೋ ಬೋಲ್ಟ್ ಸಿಗೋದು ಕಷ್ಟ. ಮೊದಲ ಹತ್ರಿ ಕೊಳ್ಳೋರು 4ನೇ ನಂಬರೋ 5ನೇ ನಂಬರೋ ಹುಡುಕಿ. 4 ಅಂದ್ರೆ ಹತ್ತಿಂಚಿಗೆ ಸ್ವಲ್ಪ ಕಮ್ಮಿ ಉದ್ದ, ನುಣುಪು ಮಾಡೋಕೆ. 5 ಅಂದ್ರೆ 14 ಇಂಚು, ಒರಟು ಕೆಲಸಕ್ಕೂ ಆಗತ್ತೆ. ಒಂದೇ ತಗೊಳೋದಾದ್ರೆ ನನ್ನ ವೋಟು 5ಕ್ಕೆ.

2. ಬಿಚ್ಚೋ ಮುಂಚೆ ಫೋಟೋ

ಒಂದೊಂದು ಭಾಗ ಬಿಚ್ಚಿದಾಗ್ಲೂ ಮೊಬೈಲಲ್ಲಿ ಒಂದು ಫೋಟೋ. ಸ್ಕ್ರೂ ಎಲ್ಲ ಒಂದು ಡಬ್ಬಿಗೆ. ಬಿಗಿದ ಸ್ಕ್ರೂ ಬರ್ತಿಲ್ಲ ಅಂದ್ರೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿ, ತಲೆಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಮಾತ್ರ ಹಾಕಿ. ಸಣ್ಣದು ಹಾಕಿ ತಿರುಗಿಸಿ ಸ್ಕ್ರೂ ತಲೆ ಹಾಳಾದ್ರೆ ಮುಗೀತು ಕಥೆ.

3. ತುಕ್ಕು ಬಿಡಿಸೋದು

ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದ್ರೆ ಮೂರು ದೊಡ್ಡ ಚಮಚ ತುಂಬ. ಮೊದ್ಲು ಸೋಪು ನೀರಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೀರಿ, ಜಿಡ್ಡಿದ್ದ ಕಡೆ ಆಸಿಡ್ ಹತ್ತಲ್ಲ, ಆಮೇಲೆ ತೇಪೆ ತೇಪೆ ಕಾಣತ್ತೆ. ಸಾಮಾನು ಪೂರ್ತಿ ಮುಳುಗಬೇಕು, ಅರ್ಧ ಮುಳುಗಿ ಅರ್ಧ ಹೊರಗಿದ್ರೆ ನೀರಿನ ಗೆರೆ ಇರೋ ಕಡೆ ಕಚ್ಚಿ ಒಂದು ಗೀಟು ಉಳಿದ್ಬಿಡತ್ತೆ. ಮರದ ಹಿಡಿ, ಹಿತ್ತಾಳೆ ಭಾಗ ಇದಕ್ಕೆ ಹಾಕಬೇಡಿ.

ಉಳಿಗೆ ನಾಲ್ಕರಿಂದ ಎಂಟು ಗಂಟೆ. ಹತ್ರಿಯ ಎರಕದ ಮೈಗೆ ಎರಡು ಮೂರು ಗಂಟೆ ಸಾಕು, ಅದನ್ನ ರಾತ್ರಿಯೆಲ್ಲ ಬಿಟ್ಟು ಮಲಗಬೇಡಿ. ಗಂಟೆಗೊಂದ್ಸಲ ತೆಗೆದು ಬ್ರಶ್ಶಲ್ಲಿ ಉಜ್ಜಿ ನೋಡಿ, ಕಪ್ಪು ಮಸಿ ಥರ ಬರತ್ತೆ, ಕೆಳಗೆ ಬೂದು ಬಣ್ಣದ ಲೋಹ ಕಂಡ್ರೆ ಆಯ್ತು. ಜಾಸ್ತಿ ಹೊತ್ತು ಬಿಟ್ರೆ ಆಸಿಡ್ ಒಳ್ಳೆ ಕಬ್ಬಿಣಾನೂ ತಿನ್ನೋಕೆ ಶುರು ಮಾಡತ್ತೆ.

ಎಲ್ರೂ ಎಡವೋದು ಇದರ ಮುಂದಿನ ಐದು ನಿಮಿಷದಲ್ಲಿ. ಟಬ್ಬಿಂದ ತೆಗೆದು ಟೇಬಲ್ ಮೇಲಿಟ್ಟು ಕಾಫಿ ಕುಡಿದು ಬರೋ ಅಷ್ಟರಲ್ಲಿ ಮತ್ತೆ ಕೇಸರಿ ಬಣ್ಣ ಬಂದಿರತ್ತೆ. ಅದಕ್ಕೆ ತೆಗೆದ ತಕ್ಷಣ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಆಮೇಲೆ ಬಿಸಿನೀರಲ್ಲಿ ತೊಳೆದು, ಒಣ ಬಟ್ಟೇಲಿ ಒರೆಸಿ, ಹೇರ್ ಡ್ರೈಯರ್ ಇದ್ರೆ ಅದರಲ್ಲಿ ಒಣಗಿಸಿ, ಬೆಚ್ಚಗಿರುವಾಗ್ಲೇ ಮೆಷಿನ್ ಎಣ್ಣೆ ಸವರಿ. ಎಲ್ಲ ಮೊದ್ಲೇ ಜೋಡಿಸಿಟ್ಕೊಂಡು ಆಮೇಲೆ ಟಬ್ಬಿಗೆ ಕೈ ಹಾಕಿ.

ಹುಣಸೆಹಣ್ಣಲ್ಲಿ ಆಗಲ್ವಾ ಅಂತ ಕೇಳ್ತಾರೆ. ಆಗತ್ತೆ, ಅದೂ ಹುಳೀನೇ, ಆದ್ರೆ ಅಂಟಂಟು, ನಿಧಾನ. ಸಕ್ಕರೆ ಕಾರ್ಖಾನೆ ಕಡೆ ಕಾಕಂಬಿ ಸಿಗೋರು ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಹಾಕಿ ಒಂದೆರಡು ವಾರ ನೆನೆಹಾಕ್ತಾರೆ, ಕೆಲಸ ಆಗತ್ತೆ, ಆದ್ರೆ ಹುದುಗು ಬಂದು ಅದರ ವಾಸನೆಗೆ ಅಪಾರ್ಟ್‌ಮೆಂಟಲ್ಲಿ ಅಕ್ಕಪಕ್ಕದವ್ರು ಜಗಳಕ್ಕೆ ಬರ್ತಾರೆ. ಬ್ಯಾಟರಿ ಚಾರ್ಜರ್ ಕೊಟ್ಟು ಕರೆಂಟಲ್ಲಿ ತುಕ್ಕು ಬಿಡಿಸೋ ವಿಡಿಯೋ ನೋಡಿರ್ತೀರ. ಒಂದು ಉಳಿಗೆ ಅಷ್ಟೆಲ್ಲ ಬೇಡ, ಮಾಡ್ಲೇಬೇಕು ಅಂದ್ರೆ ಬಯಲಲ್ಲಿ ಮಾಡಿ, ಹೈಡ್ರೋಜನ್ ಬರತ್ತೆ, ಬೆಂಕಿ ಹತ್ತಿರ ಇರಬಾರ್ದು, ಮತ್ತೆ ಆ ಕಡೆ ತಂತಿಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಕಟ್ಟಲೇಬೇಡಿ, ಸ್ಟೇನ್‌ಲೆಸ್ ಸ್ಟೀಲಲ್ಲಿರೋ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಬಿಡತ್ತೆ.

4. ಬೆನ್ನು ಮಟ್ಟ ಮಾಡೋದು

ಬೇಜಾರಿನ ಕೆಲಸ ಅಂದ್ರೆ ಇದೇ, ಅಸಲಿ ಕೆಲಸಾನೂ ಇದೇ. ಎಲ್ಲಾರೂ ಇದನ್ನ ಬಿಟ್ಟು ನೇರ ಇಳಿಜಾರು ತಿಕ್ಕೋಕೆ ಹೋಗ್ತಾರೆ, ಎಷ್ಟು ತಿಕ್ಕಿದ್ರೂ ಹರಿತ ಬರಲ್ಲ, ಯಾಕೆ ಬರತ್ತೆ, ಅಂಚು ಅಂದ್ರೆ ಎರಡು ಮುಖ ಸೇರೋ ಗೆರೆ, ಅದರಲ್ಲಿ ಒಂದು ಮುಖ ಉಬ್ಬುತಗ್ಗು ಇದ್ರೆ ಗೆರೆ ಹೇಗೆ ನೇರ ಆಗತ್ತೆ?

ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು 220 ವಾಟರ್ ಪೇಪರ್ ಅಂಟಿಸಿ, ನೀರಿಗೇ ಅಂಟ್ಕೊಂಡು ಕೂರತ್ತೆ. ಉಳಿ ಬೆನ್ನಿನ ತುದಿಯ ಒಂದು ಇಂಚಿಗೆ ಮಾರ್ಕರಲ್ಲಿ ಅಡ್ಡಡ್ಡ ಗೀಟು ಎಳೀರಿ. ಉಳಿಯನ್ನ ಕಾಗದದ ಅಂಚಿಗೆ ಅಡ್ಡ ಇಟ್ಟು, ಎರಡು ಬೆರಳು ತುದಿಯ ಮೇಲೆ ಒತ್ತಿ ಹಿಡಿದು, ಹಿಂದೆ ಮುಂದೆ ಹತ್ತು ಸಲ ಎಳೀರಿ. ತಿರುಗಿಸಿ ನೋಡಿ. ಮಾರ್ಕರ್ ಗೀಟು ಎಲ್ಲಿ ಅಳಿಸಿದೆಯೋ ಅಲ್ಲಿ ಎತ್ತರ, ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು. ಸಾಮಾನ್ಯವಾಗಿ ಮೂಲೆಗಳು ಮತ್ತೆ ಹಿಂದಿನ ಕಡೆ ಮಾತ್ರ ಅಳಿಸಿರತ್ತೆ, ನಡುವೆ ಅಂಚಿನ ಹತ್ರ ಕಪ್ಪಗೆ ಉಳಿದಿರತ್ತೆ. ತಗ್ಗು ಜಾಸ್ತಿ ಇದ್ರೆ 120ಕ್ಕೆ ಇಳೀರಿ. ಅಂಚಿಗೆ ತಾಗಿದ ಹಾಗೆ ಅರ್ಧ ಇಂಚು ಪೂರ್ತಿ ಒಂದೇ ಸಮ ಗೀರು ಕಾಣೋವರೆಗೂ ಬಿಡಬೇಡಿ. ಆಮೇಲೆ 400, 800, 1500, 2000. ಒಂದೊಂದು ನಂಬರಲ್ಲೂ ಹಿಂದಿನ ನಂಬರಿನ ಗೀರು ಪೂರ್ತಿ ಹೋಗ್ಬೇಕು, ಅದಕ್ಕೆ ಒಂದು ಉಪಾಯ, ಪ್ರತಿ ನಂಬರಿಗೂ ತಿಕ್ಕೋ ದಿಕ್ಕು ಸ್ವಲ್ಪ ಓರೆ ಮಾಡಿ, ಹಳೇ ಗೀರು ಉಳಿದಿದ್ರೆ ಅಡ್ಡಡ್ಡ ಕಂಡುಬಿಡತ್ತೆ.

ಎಚ್ಚರ: ಉಳಿ ಹಿಡಿ ಕಡೆ ಕೈ ಎತ್ತಬೇಡಿ, ಒಂದೇ ಒಂದು ಸಲ ಎತ್ತಿದ್ರೂ ಅಂಚಿನ ಹತ್ರ ಬೆನ್ನು ದುಂಡಗಾಗತ್ತೆ, ಅದನ್ನ ಸರಿ ಮಾಡೋಕೆ ಮತ್ತೆ ಅರ್ಧ ಗಂಟೆ. ಪೂರ್ತಿ ಬೆನ್ನು ಕನ್ನಡಿ ಮಾಡೋಕೆ ಹೋಗ್ಬೇಡಿ, ತುದಿ ಒಂದು ಇಂಚು ಸಾಕು. ಹತ್ರಿ ಅಲಗಿಗೆ ಅರ್ಧ ಇಂಚೂ ಬೇಕಿಲ್ಲ.

ಈ ಕೆಲಸ ಒಂದು ಉಳಿಗೆ ಒಂದು ಸಲ ಮಾಡಿದ್ರೆ ಆಯ್ತು, ಮತ್ತೆ ಜೀವಮಾನದಲ್ಲಿ ಬೇಡ. ನಾನು ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹಾಕ್ಕೊಂಡು ಮಾಡ್ತೀನಿ.

5. ಇಳಿಜಾರು, ಮತ್ತೆ ಹದ ಸುಡೋ ಅಪಾಯ

ಅಂಚು ಮುರಿದಿದ್ರೆ, ಓರೆ ಆಗಿದ್ರೆ ಮೊದ್ಲು ಮೂಲೆಮಟ್ಟ ಹಿಡಿದು ನೇರ ಗೀಟು ಹಾಕಿ, ಅಲ್ಲೀವರೆಗೂ ಸವೆಸಬೇಕು. ಗ್ರೈಂಡರ್ ಇರೋರು ಗ್ರೈಂಡರಿಗೆ ಓಡ್ತಾರೆ. ನಾನೂ ಓಡಿದ್ದೆ, ನಮ್ಮ ದೊಡ್ಡಪ್ಪನ ಮುಕ್ಕಾಲು ಇಂಚಿನ ಉಳಿ, ಎರಡೇ ಸೆಕೆಂಡು ಗಮನ ಬೇರೆ ಕಡೆ ಹೋಯ್ತು, ತುದಿ ನವಿಲುಕತ್ತಿನ ಬಣ್ಣಕ್ಕೆ ತಿರುಗಿತ್ತು.

ಆ ಬಣ್ಣದ ಲೆಕ್ಕ ಗೊತ್ತಿರ್ಲಿ. ಉಕ್ಕನ್ನ ಕೆಂಪಗೆ ಕಾಸಿ ತಟ್ಟನೆ ತಣಿಸಿದ್ರೆ ಗಾಜಿನ ಥರ ಗಟ್ಟಿ ಆಗತ್ತೆ, ಆದ್ರೆ ಪೆಡಸು, ಏಟಿಗೆ ಚೂರಾಗತ್ತೆ. ಅದಕ್ಕೆ ಕಮ್ಮಾರರು ಮತ್ತೆ ಸ್ವಲ್ಪ ಬಿಸಿ ಮಾಡಿ ಪೆಡಸು ಇಳಿಸ್ತಾರೆ, ಅದೇ ಹದ. ಉಳಿಯ ಹದ ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್, ಆಗ ಮೈ ಒಣಹುಲ್ಲಿನ ಹಳದಿ. 280ರ ಹತ್ರ ನೇರಳೆ, 300ರ ಹತ್ರ ನೀಲಿ. ನೀಲಿ ಬಂತು ಅಂದ್ರೆ ಉಕ್ಕು ಸ್ಪ್ರಿಂಗಿನ ಹದಕ್ಕೆ ಇಳೀತು, ಆ ಜಾಗ ಇನ್ನು ಹರಿತ ಹಿಡಿಯಲ್ಲ, ನಾಲ್ಕು ಏಟಿಗೆ ಮಡಚ್ಕೊಳತ್ತೆ. ಬಣ್ಣ ಉಜ್ಜಿ ತೆಗೆದ್ರೆ ಹದ ವಾಪಸ್ ಬರಲ್ಲ, ಆ ನೀಲಿ ಇದ್ದಷ್ಟು ಉದ್ದ ಸವೆಸಿ ಬಿಸಾಕಬೇಕು. ನಂದು ಒಂದು ನೂಲು ಹೋಯ್ತು, ನೂಲು ಅಂದ್ರೆ ಇಂಚಲ್ಲಿ ಎಂಟನೇ ಒಂದು ಪಾಲು.

ಹಾಗಾಗಿ ಗ್ರೈಂಡರ್ ಬೇಡ ಅಂತ್ಲೇ ಹೇಳ್ತೀನಿ. ಹಿಡೀಲೇಬೇಕಂದ್ರೆ ಬರಿಗೈಯಲ್ಲಿ ಹಿಡೀರಿ, ಬೆರಳು ಅಂಚಿನ ಹತ್ರ ಇರ್ಲಿ, ಬೆರಳಿಗೆ ಬಿಸಿ ತಗುಲಿದ ತಕ್ಷಣ ನೀರಿಗೆ. ಕೈಗವಸು ಹಾಕ್ಕೊಂಡ್ರೆ ಬಿಸಿನೂ ಗೊತ್ತಾಗಲ್ಲ, ಚಕ್ರಕ್ಕೆ ಸಿಕ್ಕಿದ್ರೆ ಕೈನೂ ಎಳ್ಕೊಂಡು ಹೋಗತ್ತೆ. ಗಾಜಿನ ಮೇಲೆ 80 ನಂಬರ್ ಹಾಳೇಲಿ ಇಪ್ಪತ್ತು ನಿಮಿಷ ತಿಕ್ಕಿದ್ರೂ ಇದೇ ಕೆಲಸ ಆಗತ್ತೆ, ಸುಡೋ ಭಯ ಇಲ್ಲ.

ಎಷ್ಟು ಓರೆ ಇರಬೇಕು? ಸಾಮಾನ್ಯ ಲೆಕ್ಕ ಇಳಿಜಾರು 25 ಡಿಗ್ರಿ, ತುದಿಗೆ ಸಣ್ಣ ಪಟ್ಟಿ 30 ಡಿಗ್ರಿ. ಕೊಡತಿಯಲ್ಲಿ ಹೊಡೆದು ಮತ್ತಿ, ಹೊನ್ನೆ ಥರ ಗಟ್ಟಿ ಮರಕ್ಕೆ ತೂತು ಹಾಕೋ ಉಳಿ ಆದ್ರೆ 35ಕ್ಕೆ ಏರಿಸಿ, ಇಲ್ಲಾಂದ್ರೆ ಅಂಚು ಚಕ್ಕೆ ಏಳತ್ತೆ. ಕೋನಮಾಪಕ ಬೇಡ, ಸ್ಕೇಲು ಸಾಕು: ಅಲಗಿನ ದಪ್ಪದ ಎರಡರಷ್ಟು ಇಳಿಜಾರಿನ ಉದ್ದ ಇದ್ರೆ ಸರಿಯಾಗಿ 30 ಡಿಗ್ರಿ. 4 ಮಿ.ಮೀ. ದಪ್ಪದ ಉಳಿಗೆ ಇಳಿಜಾರು 8 ಮಿ.ಮೀ. ಇದ್ರೆ 30, ಒಂಬತ್ತೂವರೆ ಇದ್ರೆ 25.

ಕೈಯಲ್ಲಿ ಓರೆ ಒಂದೇ ಸಮ ಹಿಡಿಯೋಕೆ ಬರಲ್ಲ ಅಂದ್ರೆ ಹೋನಿಂಗ್ ಗೈಡ್ ಅಂತ ಸಿಗತ್ತೆ, ಸಣ್ಣ ಚಕ್ರ ಇರೋ ಇಕ್ಕಳ ಥರದ್ದು, ಅಲಗನ್ನ ಕಚ್ಚಿಸಿ ಉರುಳಿಸೋದು. ಅಕ್ಕಪಕ್ಕದಿಂದ ಬಿಗಿಯೋ ಸಾಧಾರಣ ಗೈಡಲ್ಲಿ ಉಳಿ 40 ಮಿ.ಮೀ. ಮುಂದೆ ಚಾಚಿದ್ರೆ 25 ಡಿಗ್ರಿ, 30 ಮಿ.ಮೀ. ಚಾಚಿದ್ರೆ 30 ಡಿಗ್ರಿ. ಹತ್ರಿ ಅಲಗು ಗೈಡಿನ ಮೇಲ್ಭಾಗದಲ್ಲಿ ಕೂರೋದ್ರಿಂದ ಅದಕ್ಕೆ 50 ಮತ್ತೆ 38. ಇದು ಮೋಸ ಅಂತ ಹಳೇ ಆಚಾರಿಗಳು ನಗ್ತಾರೆ, ನಗ್ಲಿ, ಅವ್ರ ಕೈಗೆ ನಲವತ್ತು ವರ್ಷದ ಅಭ್ಯಾಸ ಇದೆ.

6. ಹರಿತ ಮಾಡೋದು

25 ಡಿಗ್ರಿ ಇಳಿಜಾರು 220, 400ರಲ್ಲಿ ಸಮ ಮಾಡಿ ಆದ್ಮೇಲೆ ಗೈಡನ್ನ 30ಕ್ಕೆ ಬದಲಾಯಿಸಿ 800ರಲ್ಲಿ ಹಿಂದಕ್ಕೆ ಮಾತ್ರ ಎಳೀರಿ, ಮುಂದಕ್ಕೆ ತಳ್ಳಿದ್ರೆ ಕಾಗದ ಹರಿಯತ್ತೆ. ಹತ್ತು ಸಲ ಎಳೆದು, ಹೆಬ್ಬೆರಳನ್ನ ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಜಾರಿಸಿ ನೋಡಿ, ಅಂಚಿನ ಉದ್ದಕ್ಕಲ್ಲ ಮತ್ತೆ, ಕೊಯ್ದೀತು. ಅಂಚಲ್ಲಿ ಒಂದು ಸಣ್ಣ ಗರಿ ಥರ ಸಿಕ್ಕತ್ತೆ. ಇದಕ್ಕೆ ಬರ್ ಅಂತಾರೆ, ಉಕ್ಕು ತೆಳುವಾಗಿ ಆ ಕಡೆ ಮಡಚ್ಕೊಂಡಿರೋದು. ಈ ಕೊನೆಯಿಂದ ಆ ಕೊನೆವರೆಗೂ ಗರಿ ಸಿಕ್ಕಿದ್ರೆ ಎರಡೂ ಮುಖ ಸೇರಿದೆ ಅಂತ ಅರ್ಥ. ಒಂದು ಮೂಲೇಲಿ ಸಿಕ್ಕದೇ ಇದ್ರೆ ಮುಂದಿನ ನಂಬರಿಗೆ ಹೋಗ್ಲೇಬೇಡಿ, ಅಲ್ಲೇ ಇನ್ನೂ ಎಳೀರಿ. ಹರಿತ ಬರ್ತಿಲ್ಲ ಅಂತ ಕಷ್ಟಪಡೋರಲ್ಲಿ ಹತ್ತಕ್ಕೆ ಎಂಟು ಜನ ಗರಿ ಬರೋ ಮುಂಚೆನೇ ಮುಂದೆ ಹೋಗಿರ್ತಾರೆ ಅನ್ನೋದು ನನ್ನ ಅಂದಾಜು.

ಗರಿ ಬಂದ್ಮೇಲೆ 1500, 2000ರಲ್ಲಿ ಹತ್ಹತ್ತು ಸಲ. ಕೊನೆಗೆ ಬೆನ್ನನ್ನ 2000 ಮೇಲೆ ಮಟ್ಟಸವಾಗಿ ಇಟ್ಟು ನಾಲ್ಕು ಸಲ ಎಳೆದ್ರೆ ಗರಿ ಬೀಳತ್ತೆ. ಹಳೇ ಚರ್ಮದ ಬೆಲ್ಟಿನ ತುಂಡನ್ನ ಹಲಗೆಗೆ ಅಂಟಿಸಿ ಅದರ ಒರಟು ಮುಖದ ಮೇಲೆ ಹಿಂದಕ್ಕೆ ಇಪ್ಪತ್ತು ಸಲ ಎಳೆದ್ರೆ ಮುಗೀತು.

ಕೈಮೇಲಿನ ಕೂದಲು ಬೋಳಿಸಿ ತೋರ್ಸೋದೆಲ್ಲ ಷೋಕಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದ ತುಂಡು ತಗೊಂಡು ಅದರ ಅಡ್ಡ ಕೊಯ್ದ ತುದಿ, ಅಂದ್ರೆ ನಾರಿನ ಬಾಯಿ ಕಾಣೋ ಕಡೆ, ಉಳಿಯಿಂದ ಕೈಯಲ್ಲೇ ಒತ್ತಿ ತೆಳ್ಳಗೆ ಕೆತ್ತಿ ನೋಡಿ. ಮೇಣ ಕೊಯ್ದ ಹಾಗೆ ನುಣ್ಣಗೆ ಹೊಳೆದ್ರೆ ಹರಿತ. ನಾರು ಕಿತ್ತು ಬೆಳ್ಳಗೆ ಪುಡಿ ಪುಡಿ ಆದ್ರೆ ಇಲ್ಲ. ಮೆತ್ತನೆ ಮರಾನೇ ಕಷ್ಟದ ಪರೀಕ್ಷೆ, ತೇಗದ ಮೇಲೆ ಮೊಂಡ ಉಳಿನೂ ಸುಮಾರಾಗಿ ಕೊಯ್ಯತ್ತೆ.

ಸಾಣೆಕಲ್ಲು ಇರೋರು ಅದನ್ನೇ ಉಪಯೋಗಿಸಿ, ಆದ್ರೆ ಕಲ್ಲಿನ ನಡುವೆ ಗುಂಡಿ ಬಿದ್ದಿದ್ಯಾ ಸ್ಕೇಲು ಇಟ್ಟು ನೋಡಿ. ಗುಂಡಿ ಬಿದ್ದ ಕಲ್ಲಲ್ಲಿ ಬೆನ್ನು ಯಾವತ್ತೂ ಮಟ್ಟ ಆಗಲ್ಲ, ಗಾಜಿನ ಮೇಲೆ 80 ಹಾಳೆ ಹಾಕಿ ಕಲ್ಲನ್ನೇ ತಿಕ್ಕಿ ಸಮ ಮಾಡಿ. ಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕ್ಬೇಡಿ, ಚಳಿಗಾಲದಲ್ಲಿ ಗಟ್ಟಿಯಾಗಿ ಕಲ್ಲಿನ ರಂಧ್ರ ಮುಚ್ಚತ್ತೆ. ಮೆಷಿನ್ ಎಣ್ಣೆ ಸಾಕು.

7. ಹಿಡಿ

ಹಳೇ ಹಿಡಿ ಗಟ್ಟಿ ಇದ್ರೆ ಅದನ್ನೇ ಇಟ್ಕೊಳಿ, ಒದ್ದೆ ಬಟ್ಟೇಲಿ ಒರೆಸಿ, 220ರಲ್ಲಿ ಹಗುರಾಗಿ ಉಜ್ಜಿ. ತಾತನ ಕೈ ಸವೆಸಿದ ಜಾಗ ಉಜ್ಜಿ ಹೊಸದು ಮಾಡ್ಬೇಡಿ ಅಂತ ನನ್ನ ಆಸೆ, ಮಿಕ್ಕಿದ್ದು ನಿಮ್ಮಿಷ್ಟ.

ಹೊಸದು ಬೇಕಂದ್ರೆ ಜಾಲಿ, ಹುಣಸೆ, ಸೀಬೆ ಮರ ಚೆನ್ನಾಗಿರತ್ತೆ, ಚಿಕ್ಕಮಗಳೂರು ಕೊಡಗಿನ ಕಡೆಯವ್ರಿಗೆ ಕಿತ್ತ ಕಾಫಿ ಗಿಡದ ಕಾಂಡ ಸಿಗತ್ತೆ, ಅದೂ ಒಳ್ಳೆ ಗಟ್ಟಿ. ಬೀಟೆ ಬೇಕು ಅನ್ನೋರು ಹಳೇ ಮಂಚದ ಮುರಿದ ಕಾಲು ಹುಡುಕಿ, ಬೀಟೆ ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಬೀಟೆ ಧೂಳು ಕೆಲವರಿಗೆ ಚರ್ಮಕ್ಕೆ, ಮೂಗಿಗೆ ಆಗಲ್ಲ, ಮಾಸ್ಕ್ ಹಾಕ್ಕೊಳಿ. ಮರ ಯಾವ್ದೇ ಆಗ್ಲಿ ಚೆನ್ನಾಗಿ ಒಣಗಿರಬೇಕು, ಹಸಿ ಮರಕ್ಕೆ ಉಳಿ ಕೂರಿಸಿದ್ರೆ ಎರಡು ತಿಂಗಳಲ್ಲಿ ಲಟಲಟ ಅಲ್ಲಾಡತ್ತೆ.

ಉಳಿಯ ಬಾಲ, ಅಂದ್ರೆ ಹಿಡಿಯೊಳಗೆ ಹೋಗೋ ಭಾಗ, ಕೂರೋಕೆ ತೂತು ಹಾಕುವಾಗ ಬುಡದಲ್ಲಿ ದಪ್ಪ ಬಿಟ್, ಒಳಗೆ ಸಣ್ಣ ಬಿಟ್, ಮೆಟ್ಟಿಲು ಥರ. ಮೊದ್ಲು ಬಳೆ ಕೂರಿಸಿ, ಹಿಡಿಯ ಕತ್ತಿಗೆ ಹಾಕೋ ಲೋಹದ ಉಂಗುರ, ಇಲ್ಲಾಂದ್ರೆ ಬಾಲ ಹೊಡೆಯುವಾಗ ಮರ ಸೀಳತ್ತೆ. ತಾಮ್ರದ ಪೈಪಿನ ಅರ್ಧ ಇಂಚು ತುಂಡು ಚೆನ್ನಾಗಿ ಆಗತ್ತೆ. ಬಾಲ ಕೆಂಪಗೆ ಕಾಸಿ ಸುಟ್ಟು ಕೂರಿಸೋ ಹಳೇ ರೀತಿ ಮನೇಲಿ ಬೇಡ, ಬಿಸಿ ಅಂಚಿನವರೆಗೂ ಹರಿದ್ರೆ ಮತ್ತೆ ಹದದ ಕಥೆ.

ಹಿಡಿಗೆ ಅಗಸೆ ಎಣ್ಣೆ ಎರಡು ಮೂರು ಕೈ, ಒಂದೊಂದು ಕೈ ಒಣಗೋಕೆ ದಿನಗಟ್ಲೆ ಬಿಡಿ. ಎಣ್ಣೆ ಒರೆಸಿದ ಬಟ್ಟೆ ಉಂಡೆ ಮಾಡಿ ಮೂಲೆಗೆ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟತ್ತೆ, ಉಂಡೆಯೊಳಗಿನ ಬಿಸಿ ಹೊರಗೆ ಹೋಗ್ದೆ ತಾನಾಗೇ ಬೆಂಕಿ ಹತ್ಕೊಳತ್ತೆ, ಇದು ಉತ್ಪ್ರೇಕ್ಷೆ ಅಲ್ಲ. ಬಟ್ಟೆ ಬಿಡಿಸಿ ಹೊರಗೆ ಹಗ್ಗದ ಮೇಲೆ ಹರಡಿ, ಇಲ್ಲಾ ನೀರಲ್ಲಿ ನೆನೆಸಿ.

8. ಹತ್ರಿಯ ಮೈ

ಕಬ್ಬಿಣದ ಹತ್ರಿ ತಳ ಮಟ್ಟ ಮಾಡೋಕೆ ಒಂದೂವರೆ ಅಡಿ ಗ್ರಾನೈಟು ಈಗ ಬೇಕು. ಎಲ್ಲ ಭಾಗ ಮತ್ತೆ ಜೋಡಿಸಿ, ಅಲಗು ಹಾಕಿ, ಅಲಗನ್ನ ಒತ್ತಿ ಹಿಡಿಯೋ ಮೇಲಿನ ಕ್ಯಾಪ್ ಬಿಗಿದು, ಆದ್ರೆ ಅಲಗನ್ನ ತಳದಿಂದ ಚೆನ್ನಾಗಿ ಒಳಗೆ ಎಳ್ಕೊಂಡು, ಆಮೇಲೆ ತಿಕ್ಕಿ. ಬಿಗಿದಾಗ ಮೈ ಕೂದಲೆಳೆ ಅಷ್ಟು ಬಾಗತ್ತೆ, ಬರೀ ಮೈ ತಿಕ್ಕಿ ಮಟ್ಟ ಮಾಡಿದ್ರೆ ಅಲಗು ಹಾಕಿದ ಮೇಲೆ ಮಟ್ಟ ತಪ್ಪತ್ತೆ. ತಳಕ್ಕೆ ಮಾರ್ಕರ್ ಗೀಟು, 80, 120, 220, ಅಲ್ಲಿಗೆ ನಿಲ್ಲಿಸಿ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರು ಕಡೆ ಗೀಟು ಅಳಿಸಿದ್ರೆ ಹತ್ರಿ ಕೆಲಸ ಮಾಡತ್ತೆ, ನಡುವೆ ಅಲ್ಲಲ್ಲಿ ತಗ್ಗು ಉಳಿದ್ರೆ ಉಳೀಲಿ.

ಅಲಗಿನ ಮೇಲೆ ಇನ್ನೊಂದು ಬಾಗಿದ ತಗಡಿರತ್ತೆ, ಚಿಪ್ ಬ್ರೇಕರ್, ಹೆರೆದ ಸಿಪ್ಪೆನ ಮುರಿದು ಸುರುಳಿ ಮಾಡೋದು ಅದರ ಕೆಲಸ. ಬೆಳಕಿಗೆ ಹಿಡಿದು ನೋಡಿ, ಅದರ ತುದಿಗೂ ಅಲಗಿಗೂ ನಡುವೆ ಬೆಳಕು ಕಂಡ್ರೆ ಸಿಪ್ಪೆ ಅಲ್ಲಿ ನುಗ್ಗಿ ಕಟ್ಕೊಳತ್ತೆ. "ಹತ್ರಿ ಬಾಯಿ ಕಟ್ಕೊಂಡು ಸಾಯತ್ತೆ" ಅನ್ನೋರಿಗೆಲ್ಲ ಇದೇ ಉತ್ತರ. ತಗಡಿನ ತುದಿಯನ್ನ 400ರ ಮೇಲೆ, ಹಿಂಭಾಗ ಸ್ವಲ್ಪ ಕೆಳಗೆ ಇಳಿಸಿ ಹಿಡಿದು ತಿಕ್ಕಿದ್ರೆ ಅಂಚು ಸರಿಯಾಗಿ ಕೂರತ್ತೆ.

9. ಜೋಡಿಸಿ ಓಡಿಸೋದು

ಚಿಪ್ ಬ್ರೇಕರ್ ತುದಿ ಅಲಗಿನ ಅಂಚಿಗಿಂತ ಒಂದು ಮಿ.ಮೀ. ಹಿಂದೆ ಇರ್ಲಿ. ನಾರು ತಿರುಗಿಮುರುಗಿ ಇರೋ ಮರಕ್ಕೆ ಅರ್ಧ ಮಿ.ಮೀ.ಗೂ ಕಮ್ಮಿ. ಅಲಗಿನ ಇಳಿಜಾರು ಕೆಳಗಡೆ, ತಗಡು ಮೇಲ್ಗಡೆ. ಉಲ್ಟಾ ಹಾಕಿ "ಕೊಯ್ತಿಲ್ಲ" ಅಂದೋರನ್ನೂ ನೋಡಿದೀನಿ. ಹತ್ರಿ ತಲೆಕೆಳಗೆ ಹಿಡಿದು ತಳದ ಉದ್ದಕ್ಕೂ ಒಂದೇ ಕಣ್ಣಲ್ಲಿ ನೋಡ್ತಾ ಹಿತ್ತಾಳೆ ಚಕ್ರ ತಿರುಗಿಸಿ, ಕಪ್ಪು ಕೂದಲೆಳೆ ಥರ ಅಲಗು ಕಾಣೋಕೆ ಶುರು ಆದಾಗ ನಿಲ್ಲಿಸಿ. ಮೊದ್ಲು ಏನೂ ಕೊಯ್ಯದ ಹಾಗಿಟ್ಟು ಮರದ ಮೇಲೆ ಓಡಿಸ್ತಾ ಕಾಲು ಸುತ್ತು ಕಾಲು ಸುತ್ತು ಇಳಿಸಿ. ಎಡಗಡೆ ಬಲಗಡೆ ಸಿಪ್ಪೆ ದಪ್ಪ ಬೇರೆ ಬೇರೆ ಬಂದ್ರೆ ಅಲಗಿನ ಹಿಂದಿರೋ ಸಣ್ಣ ಸನ್ನೆ ಆ ಕಡೆ ಈ ಕಡೆ ತಳ್ಳಿ ಸರಿ ಮಾಡಿ. ತಳಕ್ಕೆ ಮೇಣದಬತ್ತಿ ಎರಡು ಗೀಟು ಎಳೀರಿ, ಹತ್ರಿ ಬೆಣ್ಣೆ ಮೇಲೆ ಹೋದ ಹಾಗೆ ಹೋಗತ್ತೆ.

10. ಮತ್ತೆ ತುಕ್ಕು ಹಿಡೀದ ಹಾಗೆ ಇಡೋದು

ಕೆಲಸ ಮುಗಿದ ದಿನಾನೇ ಮೆಷಿನ್ ಎಣ್ಣೆ ಹಚ್ಚಿದ ಬಟ್ಟೆಯಿಂದ ಒಂದು ಸಲ ಒರೆಸಿ, ಬೆರಳಚ್ಚು ಬಿದ್ದ ಕಡೆನೇ ಮೊದ್ಲು ತುಕ್ಕು ಏಳೋದು. ಅಡುಗೆ ಎಣ್ಣೆ ಹಚ್ಚಬೇಡಿ, ಕೆಲವು ತಿಂಗಳಲ್ಲಿ ಗೋಂದಿನ ಥರ ಅಂಟಾಗತ್ತೆ. ಚರ್ಮದ ಚೀಲದೊಳಗೆ ಖಾಯಂ ಇಡಬೇಡಿ, ಚರ್ಮ ತೇವ ಹೀರತ್ತೆ. ಮಲೆನಾಡು, ಕರಾವಳಿಯವ್ರು ಜೂನ್ ಶುರು ಆಗೋ ಮುಂಚೆ ಎಣ್ಣೆ ದಪ್ಪಗೆ ಹಚ್ಚಿ, ಮುಚ್ಚಳ ಬಿಗಿ ಇರೋ ಡಬ್ಬಿಯಲ್ಲಿ ಹೊಸ ಚಪ್ಪಲಿ ಪೆಟ್ಟಿಗೇಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿಟ್ರೆ ಮಳೆಗಾಲ ದಾಟತ್ತೆ.

ಆಮೇಲೆ ಆಯುಧಪೂಜೆ. ತಿಕ್ಕಿ ಒಪ್ಪ ಮಾಡಿದ ಹತ್ರಿಗೆ ನಮ್ಮಮ್ಮ ಅರಿಶಿನ ಕುಂಕುಮ ನೀರಲ್ಲಿ ಕಲಸಿ ಬೊಟ್ಟಿಟ್ಟು, ಮೇಲೆ ಒಂದು ಹೋಳು ನಿಂಬೆಹಣ್ಣು ಬೇರೆ ಇಟ್ಟಿದ್ರು, ವಿಜಯದಶಮಿ ಮುಗಿಸ್ಕೊಂಡು ಮೂರನೇ ದಿನ ನೋಡಿದ್ರೆ ನಿಂಬೆ ಇದ್ದ ಜಾಗದಲ್ಲಿ ದುಂಡಗೆ ಕಪ್ಪು ಕಲೆ ಕಚ್ಚಿತ್ತು, ಇವತ್ತಿಗೂ ಇದೆ. ಈಗ ಹಬ್ಬದ ಹಿಂದಿನ ದಿನ ತಳಕ್ಕೆ, ಅಲಗಿಗೆ ಮೇಣ ಹಚ್ಚಿಟ್ಟಿರ್ತೀನಿ, ಬೊಟ್ಟು ಮರದ ಹಿಡಿಗೆ ಮಾತ್ರ ಇಡೋದು ಅಂತ ಮನೇಲಿ ಒಪ್ಪಂದ ಆಗಿದೆ, ನಿಂಬೆಹಣ್ಣು ಪಕ್ಕದಲ್ಲಿ ತಟ್ಟೇಲಿ.

ಗರಗಸದ ಬಗ್ಗೆ ಕೇಳಿದೋರಿಗೆ: ತುಕ್ಕು ಬಿಡಿಸೋದು ಇದೇ ರೀತಿ, ಆದ್ರೆ ಹಲ್ಲು ತಿಕ್ಕೋಕೆ ಮೂರು ಮೂಲೆ ಅರ ಬೇಕು, ಒಂದು ಬಿಟ್ಟು ಒಂದು ಹಲ್ಲು ಆಚೆ ಈಚೆ ಬಾಗಿಸ್ಬೇಕು, ಬಾಗಿಸುವಾಗ ಹಲ್ಲು ಮುರಿಯತ್ತೆ. ನಿಮ್ಮ ಊರಲ್ಲಿ ಇನ್ನೂ ಗರಗಸ ತಿಕ್ಕೋ ಹಳೇ ಬಡಗಿ ಇದ್ರೆ ಮೊದಲನೇದು ಅವ್ರ ಹತ್ರಾನೇ ಮಾಡಿಸಿ, ದುಡ್ಡು ಕೊಟ್ಟು, ಪಕ್ಕದಲ್ಲಿ ಕೂತು ನೋಡಿ.